ಸೂರ್ಯನ ದಿನಚರಿ ಬರೆಯುವವರು

ಮಲೆನಾಡಿನ ಸಾಗರ ಪೇಟೆಯಿಂದ ಒಳಗೆ, ಅಡಿಕೆ ತೋಟದ ನಡುವಿನ ಮನೆ. ಆಷಾಢದ ಜಡಿಮಳೆ ಹಿಡಿದು ನಾಲ್ಕು ದಿನವಾಗಿತ್ತು. ಸೂರ್ಯನ ಮುಖವಿರಲಿ, ಅವನಿರುವ ದಿಕ್ಕೂ ಗೊತ್ತಾಗದಂಥ ಮೋಡ. ಮಧ್ಯಾಹ್ನ ಎರಡೂ ನಲವತ್ತರ ಹೊತ್ತಿಗೆ, ಊಟ ಮುಗಿಸಿ ಕವಳ ಹಾಕುತ್ತ ಕೂತಿದ್ದ ನಿವೃತ್ತ ಮೇಷ್ಟ್ರು ಹಳೆಯ ಲ್ಯಾಪ್‌ಟಾಪಿನ ಕಡೆ ಬಾಗಿ, "ನೋಡಿ ಮಾರಾಯ್ರೆ, ಎದ್ದ!" ಎಂದರು. ಬೆಳಗಿನಿಂದ ಒಂದೇ ಮಟ್ಟದಲ್ಲಿ ಹರಿಯುತ್ತಿದ್ದ ಗೆರೆ ಥಟ್ಟನೆ ಮೇಲಕ್ಕೆ ಹಾರಿತ್ತು. ಮುಂದಿನ ಮುಕ್ಕಾಲು ಗಂಟೆ ಅದು ಗುಡ್ಡದ ಇಳಿಜಾರಿನ ಹಾಗೆ ನಿಧಾನವಾಗಿ ಇಳಿಯುತ್ತ ಹೋಯಿತು. ಎದ್ದವನು ಸೂರ್ಯ. ಮೋಡದ ಆಚೆ ಅವನ ಮೈಮೇಲೆ ಒಂದು ಜ್ವಾಲೆ ಸಿಡಿದಿತ್ತು.

ಅದನ್ನು ಹಿಡಿದ ಸಲಕರಣೆ ಅಟ್ಟದ ಮೇಲಿತ್ತು. ಅಡಕೆ ದಬ್ಬೆಯಿಂದ ಮಾಡಿದ, ಒಂದು ಮೀಟರ್ ಉದ್ದಗಲದ ಚೌಕಟ್ಟು. ಅದಕ್ಕೆ ಸುತ್ತಿದ ತಾಮ್ರದ ತಂತಿ. ತಂತಿಯ ಎರಡು ತುದಿಗಳು ಒಂದು ಪುಟ್ಟ ಆಂಪ್ಲಿಫೈಯರ್ ಮೂಲಕ ಲ್ಯಾಪ್‌ಟಾಪಿನ ಮೈಕ್ ಸಿಕ್ಕಿಸುವ ತೂತಿಗೆ ಬರುತ್ತವೆ. ಇಷ್ಟೇ. ಹಾಡು ಕೇಳಲು ಬಳಸುವ ಅದೇ ಸೌಂಡ್ ಕಾರ್ಡ್ ಇಲ್ಲಿ ರೇಡಿಯೊ ಆಗುತ್ತದೆ.

ಅದು ಹಿಡಿಯುವುದು ಸೂರ್ಯನ ಸದ್ದನ್ನಲ್ಲ. ತಮಿಳುನಾಡಿನ ತಿರುನೆಲ್ವೇಲಿ ಬಳಿಯ ವಿಜಯನಾರಾಯಣಂನಲ್ಲಿ ನಮ್ಮ ನೌಕಾಪಡೆಯ ಒಂದು ಪ್ರಸಾರ ಕೇಂದ್ರವಿದೆ. ನೀರೊಳಗಿನ ಜಲಾಂತರ್ಗಾಮಿಗಳಿಗೆ ಸಂದೇಶ ಕಳಿಸಲು ಅದು 18.2 ಕಿಲೊಹರ್ಟ್ಸ್‌ನಷ್ಟು ತಗ್ಗಿನ ಅಲೆಯನ್ನು ಬಿತ್ತರಿಸುತ್ತದೆ. ಒಂದೊಂದು ಅಲೆಯ ಉದ್ದವೇ ಹದಿನಾರು ಕಿಲೊಮೀಟರಿಗೂ ಮಿಗಿಲು. ಸಂದೇಶದಲ್ಲಿ ಏನಿದೆಯೋ ಹವ್ಯಾಸಿಗೆ ಬೇಕಿಲ್ಲ. ಅವನಿಗೆ ಬೇಕಾದದ್ದು ಅಲೆಯ ಬಲ ಮಾತ್ರ. ಹಗಲಿನಲ್ಲಿ ನೆಲದಿಂದ 60ರಿಂದ 90 ಕಿಲೊಮೀಟರ್ ಮೇಲೆ, ಬಿಸಿಲಿನ ಪೆಟ್ಟಿಗೆ ವಿದ್ಯುದಂಶ ಪಡೆದ ಗಾಳಿಯ ಪದರವೊಂದು ಇರುತ್ತದೆ. ಈ ಅಲೆಗಳು ಆ ಮಾಡಿಗೆ ತಾಗಿ ಮರಳಿ ನೆಲಕ್ಕೆ ಬರುತ್ತವೆ. ಸೌರಜ್ವಾಲೆ ಸಿಡಿದಾಗ ಎಕ್ಸ್-ಕಿರಣಗಳು ಎಂಟು ನಿಮಿಷ ಚಿಲ್ಲರೆಯಲ್ಲಿ ಬಂದು ಆ ಮಾಡನ್ನು ಗಟ್ಟಿ ಮಾಡಿ ಕೊಂಚ ಕೆಳಗಿಳಿಸುತ್ತವೆ. ಅಲೆಯ ಬಲ ಬದಲಾಗುತ್ತದೆ, ಪರದೆಯ ಗೆರೆ ಹಾರುತ್ತದೆ. ಕೇಂದ್ರಕ್ಕೆ ಹತ್ತಿರವಿದ್ದರೆ ನೆಲ ಹಿಡಿದು ಬಂದ ಅಲೆ ಮತ್ತು ಮೇಲಿಂದ ಬಂದ ಅಲೆ ಒಂದನ್ನೊಂದು ತಿಂದು ಗೆರೆ ಏರುವ ಬದಲು ಕುಸಿಯುವುದೂ ಉಂಟು. ಯಾವ ಊರಿಗೆ ಯಾವ ಬಗೆ ಎಂಬುದನ್ನು ಕಲಿಯಲು ಕೆಲವು ತಿಂಗಳು ಬೇಕು. ಮೋಡಕ್ಕೂ ಇದಕ್ಕೂ ಸಂಬಂಧವಿಲ್ಲ. ಮಲೆನಾಡಿನವರಿಗೆ ಇದಕ್ಕಿಂತ ಹೇಳಿ ಮಾಡಿಸಿದ ಸೂರ್ಯವೀಕ್ಷಣೆ ಇಲ್ಲ. ಸಿಡಿಲಿನ ಗದ್ದಲ ಸಹಿಸಬೇಕು ಅಷ್ಟೆ. ಅದಕ್ಕಿಂತ ಕಾಟ ಮನೆಯ ಇನ್ವರ್ಟರಿನದು. ಕರೆಂಟು ಹೋಗಿ ಅದು ಗುಂಯ್‌ಗುಟ್ಟಲು ಶುರುವಾದರೆ ಗೆರೆಯೆಲ್ಲ ಪೊದೆಯಾಗುತ್ತದೆ.

ಜ್ವಾಲೆ ಒಂದು, ಸಿಎಂಇ (ಕರೋನಲ್ ಮಾಸ್ ಇಜೆಕ್ಷನ್) ಇನ್ನೊಂದು. ಸುದ್ದಿಗಳಲ್ಲಿ ಇವೆರಡನ್ನೂ ಸೇರಿಸಿ 'ಸೌರ ಬಿರುಗಾಳಿ' ಎಂದುಬಿಡುತ್ತಾರೆ, ಅದು ತಪ್ಪು ದಾರಿಗೆ ಎಳೆಯುತ್ತದೆ. ಜ್ವಾಲೆ ಬೆಳಕು, ನಾವು ಕಾಣುವ ಹೊತ್ತಿಗೆ ಬಂದು ಮುಟ್ಟಿಯಾಗಿರುತ್ತದೆ. ಸಿಎಂಇ ಎಂದರೆ ಸೂರ್ಯನ ಹೊರ ವಾತಾವರಣವಾದ ಕರೋನಾದಿಂದ ಕಿತ್ತು ಬರುವ ದ್ರವ್ಯದ ಮೋಡ, ಕೋಟ್ಯಂತರ ಟನ್ ತೂಕದ್ದು, ತನ್ನ ಕಾಂತಕ್ಷೇತ್ರವನ್ನೂ ಹೊತ್ತು ಬರುತ್ತದೆ. ಅದಕ್ಕೆ ದಾರಿ ಸವೆಸಲು ಸಾಮಾನ್ಯವಾಗಿ ಎರಡು ಮೂರು ದಿನ ಬೇಕು. 1980ರ ಫೆಬ್ರುವರಿ 16ರಂದು ಅಂಕೋಲಾ, ಹುಬ್ಬಳ್ಳಿ, ರಾಯಚೂರಿನ ದಾರಿಯಲ್ಲಿ ಪೂರ್ಣಗ್ರಹಣ ಹಾದುಹೋದಾಗ ಬಾಗಿಲು ಹಾಕಿಕೊಳ್ಳದೆ ಹೊರಗೆ ನಿಂತಿದ್ದ ಹಿರಿಯರಿಗೆ ಕರೋನಾ ಗೊತ್ತು, ಕಪ್ಪು ಬಿಂಬದ ಸುತ್ತ ಹರಡಿದ್ದ ಆ ಬೆಳ್ಳಿ ಪ್ರಭೆ. 1995ರ ಡಿಸೆಂಬರಿನಲ್ಲಿ ಹಾರಿದ ಸೋಹೊ ನೌಕೆ ಸೂರ್ಯನ ಬಿಂಬಕ್ಕೆ ಒಂದು ಬಿಲ್ಲೆ ಅಡ್ಡ ಹಿಡಿದು ಅದೇ ಗ್ರಹಣವನ್ನು ದಿನವಿಡೀ ಮಾಡಿಕೊಂಡಿದೆ. ಆ ಚಿತ್ರಗಳು ಎಲ್ಲರಿಗೂ ಮುಕ್ತ. ಅವುಗಳನ್ನು ಜಾಲಾಡಿದ ಹವ್ಯಾಸಿಗಳು ಸೂರ್ಯನ ಬಳಿ ಸುಳಿಯುವ ಸಾವಿರಾರು ಧೂಮಕೇತುಗಳನ್ನು ಕಂಡುಹಿಡಿದಿದ್ದಾರೆ.

ಸಿಎಂಇಯ ವೇಗ ಲೆಕ್ಕ ಹಾಕಲು ಶಾಲೆಯ ಗಣಿತ ಸಾಕು. ಮೋಡದ ಮುಂಚೂಣಿ ಒಂದು ಗಂಟೆಯಲ್ಲಿ ಸೂರ್ಯನ ಮೂರು ತ್ರಿಜ್ಯದಷ್ಟು ಮುಂದೆ ಸರಿಯಿತೆನ್ನಿ. ತ್ರಿಜ್ಯ ಸುಮಾರು ಏಳು ಲಕ್ಷ ಕಿಲೊಮೀಟರ್. ಹಾಗಾದರೆ ಗಂಟೆಗೆ 21 ಲಕ್ಷ. ನಮಗಿರುವ ದೂರ 15 ಕೋಟಿ. ಭಾಗಿಸಿದರೆ 71 ಗಂಟೆ. ಮೋಡ ಬಿಲ್ಲೆಯ ಸುತ್ತಲೂ ಬಳೆಯ ಹಾಗೆ ಅರಳಿದರೆ ಎದೆ ಝಲ್ಲೆನ್ನುತ್ತದೆ. ಅದು ನೇರ ನಮ್ಮ ಕಡೆ ಬರುತ್ತಿದೆ, ಇಲ್ಲವೇ ನೇರ ಆಚೆ ಹೋಗುತ್ತಿದೆ. ಯಾವುದೆಂದು ತಿಳಿಯಲು ಸೂರ್ಯನ ನಮ್ಮ ಕಡೆಯ ಮೈಯಲ್ಲಿ ಆ ಹೊತ್ತಿಗೆ ಏನು ಸಿಡಿಯಿತೆಂದು ಹುಡುಕಬೇಕು. ಆಗ ಮೇಷ್ಟ್ರ ಅಟ್ಟದ ಗೆರೆಗೆ ಬೆಲೆ ಬರುತ್ತದೆ.

ಸೌರಜ್ವಾಲೆಯನ್ನು ಮೊದಲು ಕಂಡವರೂ ಹವ್ಯಾಸಿಗಳೇ. ರಿಚರ್ಡ್ ಕ್ಯಾರಿಂಗ್ಟನ್ ಬಿಯರ್ ತಯಾರಕರ ಮನೆತನದವನು, ಇಂಗ್ಲೆಂಡಿನ ರೆಡ್‌ಹಿಲ್‌ನಲ್ಲಿ ಸ್ವಂತ ಹಣದಿಂದ ವೀಕ್ಷಣಾಲಯ ಕಟ್ಟಿಕೊಂಡಿದ್ದ. 1859ರ ಸೆಪ್ಟೆಂಬರ್ 1ರ ಬೆಳಿಗ್ಗೆ 11 ಗಂಟೆ 18 ನಿಮಿಷಕ್ಕೆ, ಪರದೆಯ ಮೇಲೆ ಬೀಳಿಸಿದ ಸೂರ್ಯನ ಬಿಂಬದಲ್ಲಿ ಕಲೆಗಳ ಗುಂಪೊಂದನ್ನು ಬರೆದುಕೊಳ್ಳುತ್ತಿದ್ದಾಗ ಎರಡು ಬಿಳಿ ಬೆಳಕಿನ ತುಣುಕುಗಳು ಫಳ್ಳೆಂದವು. ಸಾಕ್ಷಿಗೆ ಯಾರನ್ನಾದರೂ ಕರೆಯಲು ಓಡಿದ. ಒಂದು ನಿಮಿಷದೊಳಗೆ ವಾಪಸ್ಸು ಬಂದರೆ ಬೆಳಕು ಆಗಲೇ ಬಾಡುತ್ತಿತ್ತು. ಐದು ನಿಮಿಷದಲ್ಲಿ ಎಲ್ಲ ಮುಗಿದಿತ್ತು. ಅದೃಷ್ಟಕ್ಕೆ ಲಂಡನ್ನಿನ ಹೈಗೇಟಿನಲ್ಲಿ ರಿಚರ್ಡ್ ಹಾಡ್ಜ್‌ಸನ್ ಎಂಬ ಇನ್ನೊಬ್ಬ ಹವ್ಯಾಸಿಯೂ ಅದನ್ನೇ ಕಂಡಿದ್ದ. ಅದೇ ಗಳಿಗೆಯಲ್ಲಿ ಕ್ಯೂ ವೀಕ್ಷಣಾಲಯದ ಕಾಂತಮಾಪಕ ಸಣ್ಣಗೆ ನಡುಗಿತ್ತು. ಜ್ವಾಲೆ ಮೇಲಿನ ಗಾಳಿಯ ಪದರವನ್ನು ತಟ್ಟಿದ್ದರ ಗುರುತು ಅದು, ಸಾಗರದ ಮನೆಯಲ್ಲಿ ನಾನು ಕಂಡದ್ದರ ಪೂರ್ವಜ. ಹದಿನೇಳೂವರೆ ಗಂಟೆಗಳ ಮೇಲೆ ಮೋಡವೇ ಬಂದು ಬಡಿಯಿತು. ಅಮೆರಿಕದಲ್ಲಿ ಟೆಲಿಗ್ರಾಫಿನವರು ಬ್ಯಾಟರಿ ಕಿತ್ತಿಟ್ಟು, ತಂತಿಯಲ್ಲಿ ತಾನಾಗಿ ಹರಿದ ವಿದ್ಯುತ್ತಿನಿಂದಲೇ ಸಂದೇಶ ಕಳಿಸಿದರು.

ಆ ಮೋಡ ಎಬ್ಬಿಸಿದ ಕಾಂತ ಬಿರುಗಾಳಿಯ ಅತ್ಯಂತ ಬೆಲೆಬಾಳುವ ಅಳತೆ ಸಿಕ್ಕಿದ್ದು ಮುಂಬಯಿಯ ಕೊಲಾಬಾದಲ್ಲಿ. ಅಲ್ಲಿನ ಕಾಂತ ವೀಕ್ಷಣಾಲಯದ ಸಿಬ್ಬಂದಿ ಕೈಯಲ್ಲಿ ಬರೆದಿಟ್ಟ ಅಂಕಿಗಳಲ್ಲಿ ಭೂಮಿಯ ಕಾಂತಬಲ ಸುಮಾರು 1600 ನ್ಯಾನೊಟೆಸ್ಲಾ ಕುಸಿದದ್ದು ದಾಖಲಾಗಿದೆ. 2024ರ ಮೇ ತಿಂಗಳ ದೊಡ್ಡ ಬಿರುಗಾಳಿಯಲ್ಲಿ ಕಾಂತಬಲದ ಜಾಗತಿಕ ಸೂಚ್ಯಂಕ ಕುಸಿದದ್ದು 400 ನ್ಯಾನೊಟೆಸ್ಲಾದ ಆಸುಪಾಸು. ಮುಂದೆ ಮುಂಬಯಿಯ ಟ್ರಾಮುಗಳಿಗೆ ವಿದ್ಯುತ್ ಬರುತ್ತದೆಂದಾಗ ಆ ಸೂಕ್ಷ್ಮ ಉಪಕರಣಗಳನ್ನು ಕೊಲ್ಲಿಯಾಚೆಯ ಅಲಿಬಾಗ್‌ಗೆ ಸಾಗಿಸಬೇಕಾಯಿತು. ಮಲೆನಾಡಿನ ಇನ್ವರ್ಟರ್ ಕಾಟಕ್ಕೆ ಶತಮಾನದ ಹಿಂದಿನ ಅಣ್ಣ.

ಆದರೆ ಈ ಹವ್ಯಾಸದ ತಿರುಳು ಇಂಥ ಮಹಾದಿನಗಳಲ್ಲಿಲ್ಲ, ಏನೂ ಆಗದ ದಿನಗಳಲ್ಲಿದೆ ಎಂಬುದು ನನಗೆ ತಡವಾಗಿ ಹೊಳೆಯಿತು. ಜರ್ಮನಿಯ ಡೆಸಾವ್ ಊರಿನ ಹೈನ್ರಿಕ್ ಶ್ವಾಬೆ ಔಷಧಿ ಅಂಗಡಿಯವನು. ಬುಧನಿಗಿಂತ ಒಳಗೆ ಒಂದು ಗ್ರಹ ಇರಬಹುದೆಂದು, ಅದು ಸೂರ್ಯನ ಮುಂದೆ ಹಾದಾಗ ಹಿಡಿಯಲು, 1826ರಿಂದ ಬಿಸಿಲಿದ್ದ ದಿನವೆಲ್ಲ ಸೂರ್ಯನ ಕಲೆಗಳನ್ನು ಗುರುತು ಹಾಕುತ್ತ ಹೋದ. ಗ್ರಹ ಸಿಗಲಿಲ್ಲ, ಅಂಥದೊಂದು ಇರಲೇ ಇಲ್ಲ. ಹದಿನೇಳು ವರ್ಷದ ಪುಸ್ತಕಗಳನ್ನು ತಿರುವಿದಾಗ, ಕಲೆಗಳು ಸುಮಾರು ಹತ್ತು ವರ್ಷಕ್ಕೊಮ್ಮೆ ಹೆಚ್ಚಿ ತಗ್ಗುವುದು ಕಂಡಿತು. ಕಲೆಯಿಲ್ಲದ ದಿನಗಳನ್ನೂ ಅವನು ಎಣಿಸಿ ಬರೆಯದಿದ್ದರೆ ಅದು ಕಾಣುತ್ತಿರಲಿಲ್ಲ.

ಎಣಿಸುವ ಸೂತ್ರವನ್ನು ಕೊಟ್ಟವನು ರುಡಾಲ್ಫ್ ವೋಲ್ಫ್, 1848ರಲ್ಲಿ. ಗುಂಪುಗಳನ್ನು ಹತ್ತರಿಂದ ಗುಣಿಸಿ, ಒಟ್ಟು ಕಲೆಗಳನ್ನು ಕೂಡಿಸಬೇಕು. ಮೂರು ಗುಂಪು, ಹನ್ನೊಂದು ಕಲೆ ಇದ್ದರೆ 41. ಒಂದೇ ಒಂದು ಒಂಟಿ ಕಲೆಯಿದ್ದರೂ ಅದೊಂದು ಗುಂಪೇ, ಹಾಗಾಗಿ 11. ಸೊನ್ನೆಗೂ ಹನ್ನೊಂದಕ್ಕೂ ನಡುವೆ ಮೆಟ್ಟಿಲಿಲ್ಲ. ಆಮೇಲೆ ಅದನ್ನು ನೋಡುವವರ ಗುಣಾಂಕದಿಂದ ಗುಣಿಸುತ್ತಾರೆ. ನಿಮ್ಮ ಕಣ್ಣು, ದುರ್ಬೀನು, ನಿಮ್ಮ ಊರಿನ ಗಾಳಿ ಎಲ್ಲ ಸೇರಿ ನಿಮಗೇ ಒಂದು ಅಂಕಿ. ಕಣ್ಣು ಚುರುಕಾಗಿಲ್ಲದಿದ್ದರೂ ಪರವಾಗಿಲ್ಲ, ಪ್ರತಿದಿನ ಒಂದೇ ರೀತಿ ನೋಡಬೇಕು.

ಹಾಗೆ ನೋಡಿದವರಲ್ಲಿ ನನಗೆ ಬಹಳ ಹತ್ತಿರದವರು ಹಿಸಾಕೊ ಕೊಯಾಮಾ. 1916ರಲ್ಲಿ ಹುಟ್ಟಿದ ಟೋಕಿಯೊದ ಹೆಣ್ಣುಮಗಳು. ಅಪ್ಪ ತಂದುಕೊಟ್ಟ ದುರ್ಬೀನಿನಿಂದ ಯುದ್ಧಕಾಲದಲ್ಲಿ, 1944ರಲ್ಲಿ, ಸೂರ್ಯನ ಕಲೆಗಳ ಒಂದು ಚಿತ್ರ ಬರೆದು ಹಿರಿಯ ಖಗೋಳಜ್ಞ ಇಸ್ಸೆಯ್ ಯಾಮಾಮೊಟೊ ಅವರಿಗೆ ಕಳಿಸಿದರು. ಯುದ್ಧ ಮುಗಿದ ಮೇಲೆ ಟೋಕಿಯೊದ ವಿಜ್ಞಾನ ಸಂಗ್ರಹಾಲಯ ಸೇರಿ, ಅಲ್ಲಿನ 20 ಸೆಂಟಿಮೀಟರ್ ದುರ್ಬೀನಿಗೆ ಕಾಗದ ಹಿಡಿದು ಬಿಂಬ ಬೀಳಿಸಿ ಪೆನ್ಸಿಲಿನಲ್ಲಿ ಬರೆಯುತ್ತ ಹೋದರು. 1947ರ ಏಪ್ರಿಲ್‌ನಲ್ಲಿ, ದಾಖಲೆಯಲ್ಲಿರುವ ಅತಿ ದೊಡ್ಡ ಕಲೆಗಳ ಗುಂಪು ಮೂಡಿದಾಗ ಅವರ ಕಾಗದ ಅಲ್ಲಿತ್ತು. 1960ರ ನವೆಂಬರಿನಲ್ಲಿ, ಕ್ಯಾರಿಂಗ್ಟನ್ ಕಂಡಂಥದೇ ಬಿಳಿ ಬೆಳಕಿನ ಜ್ವಾಲೆಯೂ ಅವರ ಕಣ್ಣಿಗೆ ಬಿತ್ತು. ನಾಲ್ಕು ದಶಕಗಳಿಗೆ ಹತ್ತಿರ ಬರೆದ ಚಿತ್ರಗಳು ಹತ್ತು ಸಾವಿರಕ್ಕೂ ಹೆಚ್ಚು. ಇತ್ತೀಚೆಗೆ ವಿಜ್ಞಾನಿಗಳು ಗೆಲಿಲಿಯೊನ ಕಾಲದಿಂದ ಇಂದಿನವರೆಗಿನ ಸೂರ್ಯನ ಎಣಿಕೆಯನ್ನು ಒಂದೇ ಅಳತೆಗೆ ಜೋಡಿಸಲು ಕೂತಾಗ, ಕೆಲವೇ ದೀರ್ಘಕಾಲದ ವೀಕ್ಷಕರನ್ನು ಆಧಾರವಾಗಿ ಹಿಡಿದರು. ಅವರನ್ನು ಕರೆದದ್ದೇ ಬೆನ್ನೆಲುಬು ಎಂದು. ಅವರಲ್ಲಿ ಶ್ವಾಬೆ ಇದ್ದಾನೆ, ಕೊಯಾಮಾ ಇದ್ದಾರೆ.

ಇಂದು ಈ ಎಣಿಕೆಯನ್ನು ನೋಡಿಕೊಳ್ಳುತ್ತಿರುವುದು ಬ್ರಸೆಲ್ಸ್‌ನ ಬೆಲ್ಜಿಯಂ ರಾಜ ವೀಕ್ಷಣಾಲಯ, 1981ರಿಂದ. ಹಲವು ದೇಶಗಳಿಂದ ಅಂಕಿ ಕಳಿಸುವವರಲ್ಲಿ ಅರ್ಧಕ್ಕಿಂತ ಹೆಚ್ಚು ಹವ್ಯಾಸಿಗಳು. ಅಮೆರಿಕದ ಚರತಾರೆ ವೀಕ್ಷಕರ ಸಂಘವೂ 1944ರಿಂದ ಇಂಥದೇ ಪಟ್ಟಿ ಇಟ್ಟಿದೆ. ಅಟ್ಟದ ತಂತಿಯಲ್ಲಿ ಹಿಡಿದ ಜ್ವಾಲೆಗಳ ವರದಿಯನ್ನೂ ಪಡೆಯುತ್ತದೆ. ಉಪಗ್ರಹಗಳಿರುವಾಗ ಇದೇಕೆ ಎಂದು ಕೇಳುವವರಿದ್ದಾರೆ. ಉಪಗ್ರಹಕ್ಕೆ ಆಯುಷ್ಯ ಹತ್ತಿಪ್ಪತ್ತು ವರ್ಷ. ನಾಲ್ಕು ನೂರು ವರ್ಷದ ಸರಪಳಿಗೆ ಹೊಸ ಕೊಂಡಿ ಹಾಕಬೇಕಾದರೆ ಹಳೆಯ ಕೊಂಡಿಗಳಂಥದೇ ಬೇಕು: ಸಣ್ಣ ದುರ್ಬೀನು, ಕಾಗದ, ಮನುಷ್ಯನ ಕಣ್ಣು.

ನಮ್ಮ ನಾಡೂ ಸೂರ್ಯನ ಲೆಕ್ಕದಲ್ಲಿ ಹಿಂದಿಲ್ಲ. ಗೌರಿಬಿದನೂರಿನ ಬಯಲಿನಲ್ಲಿ ಭಾರತೀಯ ಖಭೌತ ಸಂಸ್ಥೆಯ ಆಂಟೆನಾಗಳು ಕರೋನಾದ ರೇಡಿಯೊ ಚಿತ್ರ ತೆಗೆಯುತ್ತವೆ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1ರ ಕರೋನಾ ದುರ್ಬೀನು ಸಿದ್ಧವಾದದ್ದು ಹೊಸಕೋಟೆಯಲ್ಲಿ, ಜ್ವಾಲೆಗಳ ಎಕ್ಸ್-ಕಿರಣ ಅಳೆಯುವ ಉಪಕರಣಗಳು ಬೆಂಗಳೂರಿನಲ್ಲಿ.

ಶುರು ಮಾಡಲು ಇಷ್ಟೆಲ್ಲ ಬೇಡ. ಒಂದು ಸಣ್ಣ ದುರ್ಬೀನಿನ ಹಿಂದೆ ಬಿಳಿ ಕಾಗದ ಹಿಡಿದರೆ ಸಾಕು. ಒಂದು ಮಾತನ್ನು ಮಾತ್ರ ದಪ್ಪ ಅಕ್ಷರದಲ್ಲಿ ಬರೆದಂತೆ ಓದಿಕೊಳ್ಳಿ: ದುರ್ಬೀನಿನಲ್ಲಿ ಕಣ್ಣಿಟ್ಟು ಸೂರ್ಯನನ್ನು ನೋಡಬಾರದು, ಒಂದು ಕ್ಷಣವೂ. ಪಕ್ಕದ ಚಿಕ್ಕ ಗುರಿಗೊಳವೆಗೆ ಮುಚ್ಚಳ ಹಾಕಿ, ಮಕ್ಕಳಿದ್ದರೆ ದುರ್ಬೀನನ್ನು ಬಿಟ್ಟು ಅತ್ತಿತ್ತ ಹೋಗಬೇಡಿ. ಕಣ್ಣಿನ ಕಡೆ ಸಿಕ್ಕಿಸುವ ಕಪ್ಪು ಗಾಜು ಕಾವಿಗೆ ಸಿಡಿಯುತ್ತದೆ. ಸೋಸುಗ ಹಾಕುವುದಿದ್ದರೆ ದುರ್ಬೀನಿನ ಮುಂಬಾಯಿಗೇ, ಸೂರ್ಯನಿಗೆಂದೇ ತಯಾರಿಸಿದ್ದನ್ನು. ಗ್ರಹಣದ ದಿನ ಸಗಣಿ ಕದಡಿದ ನೀರಿನಲ್ಲಿ ಬಿಂಬ ನೋಡುವ ನಮ್ಮಜ್ಜಿಯರ ರೂಢಿಯನ್ನೂ ನೆಚ್ಚಿಕೊಳ್ಳಬೇಡಿ. 2024ರ ಮೇ ತಿಂಗಳಲ್ಲಿ, ಲಡಾಖಿನ ಹಾನ್ಲೆಯಲ್ಲಿ ಕೆಂಪು ಧ್ರುವಪ್ರಭೆ ಕಂಡ ಆ ವಾರ, ಬಿರುಗಾಳಿಯ ತವರಾಗಿದ್ದ ಕಲೆಗಳ ಗುಂಪನ್ನು ನಾನು ಗ್ರಹಣದ ಕನ್ನಡಕದಲ್ಲೇ ಮನೆಯ ತಾರಸಿಯಿಂದ ನೋಡಿದೆ. ಭೂಮಿಯ ಹದಿನೈದು ಪಟ್ಟು ಅಗಲದ ಗುಂಪು, ಕಣ್ಣಿಗೆ ಎಳ್ಳಿನಷ್ಟು.

ಆ ಮಳೆಯ ಮಧ್ಯಾಹ್ನಕ್ಕೆ ಮರಳುತ್ತೇನೆ. ಗೆರೆ ಪೂರ್ತಿ ಇಳಿದ ಮೇಲೆ ಮೇಷ್ಟ್ರು ಉದ್ದನೆಯ ರಿಜಿಸ್ಟರ್ ತೆಗೆದರು. ಗಡಿಯಾರದಿಂದ ಐದೂವರೆ ಗಂಟೆ ಕಳೆದು, ಜಾಗತಿಕ ಕಾಲದಲ್ಲಿ 9 ಗಂಟೆ 10 ನಿಮಿಷ ಎಂದು ಜ್ವಾಲೆಯ ಶುರು ಬರೆದರು. ಪಕ್ಕದ್ದು ಸೂರ್ಯನ ಕಲೆಗಳ ಕಂಬಸಾಲು. ನಾಲ್ಕು ದಿನದಿಂದ ಏನೂ ಕಂಡಿಲ್ಲವಲ್ಲ, ಸೊನ್ನೆ ಹಾಕುತ್ತೀರಾ ಎಂದೆ. ಪೆನ್ನು ನಿಲ್ಲಿಸಿ ಮುಖ ನೋಡಿದರು. "ಸೊನ್ನೆ ಅಂದ್ರೆ ನೋಡಿದ್ದೇನೆ, ಇಲ್ಲ ಅಂತ. ನಾನು ನೋಡಿಲ್ಲವಲ್ಲ." ಹಳೆಯ ಕಾಲದ ದಾಖಲೆಗಳನ್ನು ಒಟ್ಟುಮಾಡಿದವರು ಯಾರೂ ನೋಡದ ದಿನಗಳನ್ನೂ ಎಷ್ಟೋ ಕಡೆ ಸೊನ್ನೆಗಳಾಗಿ ಸೇರಿಸಿಬಿಟ್ಟರೆಂದೂ, ಅವನ್ನು ಬಿಡಿಸಿ ಬೇರೆ ಮಾಡಲು ವಿಜ್ಞಾನಿಗಳು ಈಗಲೂ ಒದ್ದಾಡುತ್ತಿದ್ದಾರೆಂದೂ ಹೇಳಿದರು. ಆಮೇಲೆ ಆ ದಿನದ ಮನೆಯಲ್ಲಿ, ಮೇಲಿನ ಮೂರು ಸಾಲುಗಳಲ್ಲಿ ಬರೆದಿದ್ದಂತೆಯೇ, ಅದೇ ದುಂಡನೆಯ ಅಕ್ಷರದಲ್ಲಿ 'ಮೋಡ' ಎಂದು ಬರೆದು ರಿಜಿಸ್ಟರ್ ಮುಚ್ಚಿದರು.