ಮೈಯ ಮಾತು, ಮನದ ಬೇನೆ: ಸ್ತ್ರೀ ಖಿನ್ನತೆಯ ಚಿಕಿತ್ಸಾ ಸಂಶೋಧನೆ ಮತ್ತು ದಾವಣಗೆರೆ ಸೀಮೆಯ ಆಡುನುಡಿ

ಕನ್ನಡದ ವೈದ್ಯಕೀಯ ಬರವಣಿಗೆಯಲ್ಲಿ ‘ಖಿನ್ನತೆ’ ಎಂಬ ಪದವು ಇಂದು ನೆಲೆಗೊಂಡಿದೆ. ಆಸ್ಪತ್ರೆಯ ಗೋಡೆಬರಹಗಳಲ್ಲಿಯೂ ಆರೋಗ್ಯ ಇಲಾಖೆಯ ಕರಪತ್ರಗಳಲ್ಲಿಯೂ ಅದೇ ಪದ ಬಳಕೆಯಲ್ಲಿದೆ. ಆದರೆ ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಹಾಗೂ ಜಗಳೂರು ತಾಲ್ಲೂಕುಗಳ ಹಳ್ಳಿಗಳ ಹೆಣ್ಣುಮಕ್ಕಳ ಬಾಯಲ್ಲಿ ಈ ಪದ ಸಹಜವಾಗಿ ಬರುವಂಥದಲ್ಲ. ಅಲ್ಲಿ ಕೇಳಿಬರುವುದು ‘ಬ್ಯಾಸರ’. ಅದಕ್ಕಿಂತಲೂ ಹೆಚ್ಚಾಗಿ ‘ಎದಿ ಒತ್ತಿದಂಗಾಗತೈತಿ’, ‘ತಲಿ ಕಾದಂಗಾಗತೈತಿ’, ‘ಕೈಕಾಲು ಸೇದತಾವ’, ‘ಅನ್ನ ಸೇರಲ್ಲ, ನಿದ್ದಿ ಹತ್ತಲ್ಲ’ ಎಂಬ ಮಾತುಗಳು. ವೈದ್ಯರ ಮುಂದೆ ಮೈ ಮಾತನಾಡುತ್ತದೆ, ಮನಸ್ಸು ಹಿಂದೆ ನಿಲ್ಲುತ್ತದೆ. ಮೈಯ ಮಾತನ್ನು ಮಾತ್ರ ಕೇಳಿದ ವೈದ್ಯರು ಶಕ್ತಿಯ ಮಾತ್ರೆ ಬರೆಯುತ್ತಾರೆ. ಒಂದು ಬಾಟಲಿ ಗ್ಲುಕೋಸ್ ಹಾಕಿಸಿಕೊಂಡು ಆಕೆ ಬಸ್ಸು ಹತ್ತುತ್ತಾಳೆ. ಬೇನೆ ಮಾತ್ರ ಇದ್ದಲ್ಲೇ ಉಳಿಯುತ್ತದೆ.

ಇದು ಕೇವಲ ಪದಗಳ ಪ್ರಶ್ನೆಯಲ್ಲ. ನಿಮ್ಹಾನ್ಸ್ ಸಂಸ್ಥೆಯು 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ತೀವ್ರ ಖಿನ್ನತೆಯುಳ್ಳವರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಲೋಕದಾದ್ಯಂತ ಈ ಬೇನೆ ಪುರುಷರಿಗಿಂತ ಮಹಿಳೆಯರಲ್ಲಿ ಸುಮಾರು ಒಂದೂವರೆ ಪಟ್ಟು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು 2016ರ ಅಂಕಿಅಂಶಗಳ ಆಧಾರದಲ್ಲಿ, ಭಾರತದ 15ರಿಂದ 39 ವಯಸ್ಸಿನ ಮಹಿಳೆಯರ ಸಾವಿಗೆ ಆತ್ಮಹತ್ಯೆಯೇ ಮೊದಲ ಕಾರಣವೆಂದು ತೋರಿಸಿತು. ಈ ಸಾವುಗಳೆಲ್ಲಕ್ಕೂ ಖಿನ್ನತೆಯೇ ಮೂಲವಲ್ಲ. ಆದರೂ ಕೇಳಿಸಿಕೊಳ್ಳದೆ ಉಳಿದ ಮಾತಿನ ಬೆಲೆ ಎಷ್ಟೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಈ ನಾಲ್ಕು ತಾಲ್ಲೂಕುಗಳು ಒಂದೇ ಜಿಲ್ಲೆಗೆ ಸೇರಿದ್ದರೂ ಒಂದೇ ಸೀಮೆಯಲ್ಲ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ರಚನೆಯಾದಾಗ ಜಗಳೂರು ಚಿತ್ರದುರ್ಗದಿಂದಲೂ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಬಂದು ಸೇರಿದವು. ನ್ಯಾಮತಿಯು ಆ ಬಳಿಕ ಹೊನ್ನಾಳಿಯಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾಯಿತು. ಸೂಳೆಕೆರೆಯ ಆಸುಪಾಸಿನ ಅಡಿಕೆ ತೋಟಗಳ ಚನ್ನಗಿರಿ, ತುಂಗಭದ್ರೆಯ ದಡದ ಹೊನ್ನಾಳಿ, ಮಳೆಯನ್ನೇ ನೆಚ್ಚಿದ ಜಗಳೂರು, ಲಂಬಾಣಿ ತಾಂಡಾಗಳು ಹೆಚ್ಚಾಗಿರುವ ನ್ಯಾಮತಿ, ಇವುಗಳ ನುಡಿಯೂ ಒಂದೇ ಅಲ್ಲ. ಮಲೆನಾಡಿನ ಸೆರಗಿನ ಮಾತಿಗೂ ಬಯಲುಸೀಮೆಯ ಮಾತಿಗೂ ಇಲ್ಲಿ ಅಂತರವಿದೆ. ರಾಜ್ಯಕ್ಕೆಲ್ಲ ಒಂದೇ ಪ್ರಶ್ನಾವಳಿ ಸಾಕೆನ್ನುವವರು ಮೊದಲು ಗಮನಿಸಬೇಕಾದ ಸಂಗತಿಯಿದು.

ನೋವನ್ನು ಹೇಳಿಕೊಳ್ಳುವ ಬಗೆಯ ಕುರಿತ ಸಂಶೋಧನೆಯಲ್ಲಿ ಕರ್ನಾಟಕಕ್ಕೆ ಲೋಕಮಟ್ಟದ ಸ್ಥಾನವಿದೆ ಎಂಬುದು ನಮ್ಮ ಜಾನಪದ ವಿದ್ವತ್ತಿನಲ್ಲಿ ಸಾಕಷ್ಟು ಚರ್ಚೆಯಾಗಿಲ್ಲ. ಜಿ.ಎಂ. ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಅವರು ದಕ್ಷಿಣ ಕನ್ನಡದ ಕೋಟದಲ್ಲಿ ನಡೆಸಿದ ಅಧ್ಯಯನ 1976ರಲ್ಲಿ ಗ್ರಂಥರೂಪದಲ್ಲಿ ಬಂದಿತು. ಬ್ರಾಹ್ಮಣ, ಬಂಟ, ಮೊಗೇರ ಸಮುದಾಯಗಳ ಮನೆಮನೆಗೂ ಹೋಗಿ ಮಾನಸಿಕ ತೊಂದರೆಗಳನ್ನು ದಾಖಲಿಸಿದ ಅವರು ವೈದ್ಯ, ಮಂತ್ರವಾದಿ, ಪಾತ್ರಿಗಳ ಚಿಕಿತ್ಸೆಯನ್ನೂ ಸಮಾನ ಗಾಂಭೀರ್ಯದಿಂದ ಪರಿಶೀಲಿಸಿದರು. ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ ಅವರು 1981ರ ಪ್ರಬಂಧದಲ್ಲಿ ಮಂಡಿಸಿದ ‘ಸಂಕಟದ ನುಡಿಗಟ್ಟು’ ಎಂಬ ಪರಿಕಲ್ಪನೆ ಇಂದು ಜಗತ್ತಿನ ಮನೋವೈದ್ಯರೆಲ್ಲ ಬಳಸುವಂಥದು. ಅದು ಹುಟ್ಟಿದ್ದು ದಕ್ಷಿಣ ಕನ್ನಡದ ಹವ್ಯಕ ಮಹಿಳೆಯರ ಬದುಕಿನಿಂದ. ಬಾಯಿಬಿಟ್ಟು ಹೇಳಲಾಗದ್ದನ್ನು ಉಪವಾಸದಿಂದ, ಅತಿಯಾದ ಮಡಿಯಿಂದ, ಮೈ ಇಳಿಯುವುದರಿಂದ, ಮೈಮೇಲೆ ಬರುವುದರಿಂದ ಹೆಣ್ಣು ಹೇಗೆ ಹೇಳುತ್ತಾಳೆ ಎಂಬುದು ಅದರ ವಸ್ತು. ಹೆಲೆನ್ ಉಲ್‌ರಿಚ್ ಅವರು 1960ರ ದಶಕದಿಂದಲೂ ‘ತೋಟಗದ್ದೆ’ ಎಂಬ ಕಲ್ಪಿತ ಹೆಸರಿಟ್ಟ ಹವ್ಯಕ ಹಳ್ಳಿಯ ಹೆಂಗಸರ ಖಿನ್ನತೆಯನ್ನು ತಲೆಮಾರುಗಳ ಉದ್ದಕ್ಕೂ ಗಮನಿಸುತ್ತ ಬಂದು 2017ರಲ್ಲಿ ಗ್ರಂಥ ಪ್ರಕಟಿಸಿದರು.

ಪ್ರಸ್ತುತ ವಿಷಯಕ್ಕೆ ಅತ್ಯಂತ ನಿಕಟವಾದುದು ಆರ್. ರಘುರಾಮ್, ಮಿಚೆಲ್ ವೈಸ್, ಎಸ್.ಎಂ. ಚನ್ನಬಸವಣ್ಣ ಮೊದಲಾದವರು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಡೆಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನ. 80 ಮಂದಿ ರೋಗಿಗಳನ್ನು ಸಂದರ್ಶಿಸಿದ ಅವರಿಗೆ ಕಂಡುಬಂದುದಿಷ್ಟು: ಖಿನ್ನತೆಯ ಲಕ್ಷಣಗಳು ಹೆಚ್ಚಿದ್ದಷ್ಟೂ ಕಳಂಕದ ಭಾವನೆ ಹೆಚ್ಚು, ಮೈನೋವಿನ ಲಕ್ಷಣಗಳು ಹೆಚ್ಚಿದ್ದಷ್ಟೂ ಅದು ಕಡಿಮೆ. ಮೈನೋವು ಯಾರಿಗಾದರೂ ಬರುವಂಥದು, ಹೇಳಿಕೊಂಡರೆ ತಪ್ಪಿಲ್ಲ. ಮನಸ್ಸಿನ ನೋವನ್ನು ಹೇಳಿಕೊಂಡರೆ ಮದುವೆಯ ಮಾತುಕತೆ ಮುರಿಯಬಹುದು, ಮನೆತನದ ಮಾನಕ್ಕೆ ಕುಂದು ಬರಬಹುದು. ಆದ್ದರಿಂದ ಹಳ್ಳಿಯ ಹೆಣ್ಣು ಮೈಯ ಮಾತನ್ನಾಡುವುದು ಅಜ್ಞಾನದಿಂದಲ್ಲ. ಅದು ವಿವೇಕದ ಆಯ್ಕೆ. ‘ಹಳ್ಳಿಯವರಿಗೆ ಮನಸ್ಸೆಂದರೇನೆಂದು ತಿಳಿಯದು’ ಎಂಬ ಪಟ್ಟಣದ ತಿಳಿವಳಿಕೆಗೆ ಈ ಅಧ್ಯಯನ ತಕ್ಕ ಉತ್ತರವಾಗಿದೆ.

ಪ್ರಶ್ನಾವಳಿಯ ತೊಡಕು

ಬಾಣಂತಿಯರ ಖಿನ್ನತೆಯನ್ನು ಗುರುತಿಸಲು ಲೋಕದೆಲ್ಲೆಡೆ ಬಳಕೆಯಲ್ಲಿರುವ ಎಡಿನ್‌ಬರೋ ಮಾಪಕವು 1987ರಲ್ಲಿ ಸಿದ್ಧವಾದ ಹತ್ತು ಪ್ರಶ್ನೆಗಳ ಪಟ್ಟಿ. ಇದರ ಕನ್ನಡ ರೂಪವನ್ನು ಗ್ರಾಮೀಣ ಕರ್ನಾಟಕದ ಗರ್ಭಿಣಿಯರಲ್ಲಿ ಪರೀಕ್ಷಿಸಿದ ಅಧ್ಯಯನ 2011ರಲ್ಲಿ ಪ್ರಕಟವಾಗಿದ್ದು, ಮಾಪಕವು ಉಪಯುಕ್ತವೆಂದೇ ತೋರಿಬಂದಿದೆ. ಆದರೆ ಅದರ ರಚನೆಯಲ್ಲಿಯೇ ಒಂದು ವಿಶೇಷವಿದೆ. ಸುಸ್ತು, ಮೈನೋವು, ಹಸಿವಿಲ್ಲದಿರುವುದು ಬಸುರಿ ಬಾಣಂತಿಯರಿಗೆ ಸಾಮಾನ್ಯವಾದುದರಿಂದ ಮೈಗೆ ಸಂಬಂಧಿಸಿದ ಲಕ್ಷಣಗಳನ್ನು ಮಾಪಕವನ್ನು ರಚಿಸಿದವರು ಉದ್ದೇಶಪೂರ್ವಕವಾಗಿ ಕೈಬಿಟ್ಟರು. ಸ್ಕಾಟ್ಲೆಂಡಿನ ತಾಯಂದಿರಿಗೆ ಇದು ಸರಿಯಾದ ಕ್ರಮ. ನಮ್ಮ ಹೆಣ್ಣುಮಕ್ಕಳು ಯಾವ ಬಾಗಿಲಿನಿಂದ ಒಳಗೆ ಬರುತ್ತಾರೋ ಆ ಬಾಗಿಲನ್ನೇ ಇದು ಮುಚ್ಚಿದಂತಾಯಿತು.

ಅನುವಾದದ ತೊಡಕು ಇನ್ನೊಂದು. ಆ ಮಾಪಕದ ಒಂದು ಪ್ರಶ್ನೆ ಇಂಗ್ಲಿಷಿನಲ್ಲಿ ಸಂಗತಿಗಳು ‘ನನ್ನ ಮೇಲೇರಿ ಬಂದವು’ ಎಂಬ ನುಡಿಗಟ್ಟಿನ ರೂಪದಲ್ಲಿದೆ. ಇದನ್ನು ಹಾಗೆಯೇ ಕನ್ನಡಿಸಿದರೆ ನ್ಯಾಮತಿಯ ಗೃಹಿಣಿಗೆ ಜಗಳವೋ ಗಾಳಿ ಸೋಕಿದ್ದೋ ನೆನಪಾದೀತು. ‘ಮೇಲೆ ಬರುವುದು’ ಎಂದರೆ ಈ ಭಾಗದಲ್ಲಿ ದೇವರು ಬರುವುದು. ‘ಎಲ್ಲಾ ನನ್ನ ತಲಿಮ್ಯಾಲೆ ಬಿದ್ದೈತಿ’ ಎಂಬ ಮಾತು ನಮ್ಮಲ್ಲಿ ಮೊದಲೇ ಇದೆ, ಅರ್ಥವೂ ಅದೇ. ಹಾಗೆಯೇ ‘ಕೆಲಸದಲ್ಲಿ ಆಸಕ್ತಿ, ಸಂತೋಷ ಕಡಿಮೆಯಾಗಿದೆಯೇ’ ಎಂಬ ಪ್ರಶ್ನೆ. ಸಗಣಿ ಬಾಚುವುದರಲ್ಲಿ, ನೀರು ಹೊರುವುದರಲ್ಲಿ, ಮೆಕ್ಕೆಜೋಳದ ಕಳೆ ತೆಗೆಯುವುದರಲ್ಲಿ ಆಸಕ್ತಿಯ ಮಾತೆಲ್ಲಿಂದ ಬಂತು? ಬದಲಾಗಿ ‘ಹಬ್ಬ ಬಂದರೂ ಮನಿ ಸಾರಿಸಬೇಕು ಅನಸಲಿಲ್ಲೇನು?’, ‘ತವರಿನವರು ಬಂದರೂ ಮಾತು ಬ್ಯಾಡ ಅನಸತೈತೇನು?’ ಎಂದು ಕೇಳಿದರೆ ಉತ್ತರ ಬರುತ್ತದೆ. ಪ್ರಶ್ನಾವಳಿಯ ಅನುವಾದವನ್ನು ಗುಮಾಸ್ತಿಕೆಯ ಕೆಲಸವೆಂದು ಕಾಣುವ ಪ್ರವೃತ್ತಿ ಬದಲಾಗಬೇಕಾಗಿದೆ. ಆಡುನುಡಿ ಬಲ್ಲವರು ಆ ಮೇಜಿನಲ್ಲಿ ಇಲ್ಲದಿದ್ದರೆ ಅಂಕಗಳು ಬರುತ್ತವೆ, ಅರ್ಥ ಬರುವುದಿಲ್ಲ.

ಚಿಕಿತ್ಸೆಯ ಫಲ

ಗುರುತಿಸಿದ ಮೇಲೆ ಚಿಕಿತ್ಸೆಯಿಂದ ಗುಣವಾಗುವುದೇ ಎಂಬ ಪ್ರಶ್ನೆಗೆ ಕಳೆದ ಎರಡು ದಶಕಗಳ ಪ್ರಯೋಗಗಳು ಸ್ಪಷ್ಟ ಉತ್ತರ ನೀಡಿವೆ. ಇಂಥ ಪ್ರಯೋಗಗಳಲ್ಲಿ ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿ, ಎರಡು ಗುಂಪುಗಳನ್ನು ಹೋಲಿಸಿ ನೋಡಲಾಗುತ್ತದೆ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ನೆರೆಯ ಗೋವಾದಲ್ಲಿ 450 ಹೊರರೋಗಿಗಳ ಮೇಲೆ ನಡೆಸಿ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಫ್ಲೂಆಕ್ಸೆಟಿನ್ ಮಾತ್ರೆಯು ಎರಡು ತಿಂಗಳ ಹೊತ್ತಿಗೆ ಹುಸಿಮಾತ್ರೆಗಿಂತ ಹೆಚ್ಚು ಫಲ ನೀಡಿತು. ಅಂದು ಪರೀಕ್ಷಿಸಿದ ಮಾತಿನ ಚಿಕಿತ್ಸೆ ಗೆಲ್ಲಲಿಲ್ಲ. ಅದೇ ಗೋವಾದ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮಾತಿನ ಚಿಕಿತ್ಸೆಯನ್ನು ಬೇರೆ ಬಗೆಯಲ್ಲಿ ಕಟ್ಟಲಾಯಿತು. ವೈದ್ಯರಲ್ಲದ, ತರಬೇತಿ ಪಡೆದ ಸ್ಥಳೀಯರೇ ಆರರಿಂದ ಎಂಟು ಬಾರಿ ಭೇಟಿಯಾಗಿ, ನಿಂತುಹೋದ ದಿನಚರಿಯನ್ನು ಒಂದೊಂದೇ ಸಣ್ಣ ಕೆಲಸದಿಂದ ಮತ್ತೆ ಆರಂಭಿಸುವಂತೆ ನೆರವಾದರು. ಮೂರು ತಿಂಗಳಲ್ಲಿ ಈ ಗುಂಪಿನ ನೂರಕ್ಕೆ 64 ಮಂದಿ ಚೇತರಿಸಿಕೊಂಡರು. ವಾಡಿಕೆಯ ಆರೈಕೆ ಪಡೆದವರಲ್ಲಿ 39 ಮಂದಿ. ಭಾಗವಹಿಸಿದವರಲ್ಲಿ ಬಹುಪಾಲು ಮಹಿಳೆಯರೇ ಇದ್ದರು.

ಬಸುರಿ ಬಾಣಂತಿಯರ ಮಟ್ಟಿಗೆ ಮಾರ್ಗದರ್ಶಕವಾದುದು ಪಾಕಿಸ್ತಾನದ ರಾವಲ್ಪಿಂಡಿ ಜಿಲ್ಲೆಯ ಹಳ್ಳಿಗಳ ಪ್ರಯೋಗ. ಅತೀಫ್ ರಹಮಾನ್ ಮತ್ತು ಸಂಗಡಿಗರು ಅಲ್ಲಿನ ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ ನೀಡಿ ಖಿನ್ನರಾದ ಗರ್ಭಿಣಿಯರ ಮನೆಗೆ ಕಳುಹಿಸಿದರು. ಹೆರಿಗೆಯಾಗಿ ಆರು ತಿಂಗಳಾದಾಗ ಖಿನ್ನತೆ ಉಳಿದಿದ್ದುದು ಈ ಗುಂಪಿನ ನೂರಕ್ಕೆ 23 ತಾಯಂದಿರಲ್ಲಿ, ಇನ್ನೊಂದು ಗುಂಪಿನಲ್ಲಿ 53ರಲ್ಲಿ. 2008ರಲ್ಲಿ ಪ್ರಕಟವಾದ ಈ ಫಲಿತಾಂಶವು ಭಾರತದ ಆಶಾ ಕಾರ್ಯಕರ್ತೆಯರಿಂದ ಏನು ಸಾಧ್ಯವೆಂಬುದನ್ನೂ ಸೂಚಿಸುತ್ತದೆ. ಸೊಸೆಯ ಕೋಣೆಗೆ ಅತ್ತೆಯ ಅಪ್ಪಣೆಯೊಂದಿಗೆ ಹೋಗಬಲ್ಲ ಹೆಣ್ಣು ಆಕೆ. ಮನೋವೈದ್ಯರಿಗೆ ಆ ದಾರಿ ಇಲ್ಲ.

ಮಾತ್ರೆಯ ವಿಷಯಕ್ಕೆ ಬಂದರೆ ಜನಪದ ವೈದ್ಯದ ಉಷ್ಣ-ಶೀತ ಕಲ್ಪನೆ ಎದುರಾಗುತ್ತದೆ. ಖಿನ್ನತೆಯ ಮಾತ್ರೆಗಳು ಫಲ ತೋರಿಸಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಆದರೆ ವಾಕರಿಕೆ, ತಲೆನೋವು, ಹೊಟ್ಟೆಯ ತಳಮಳ ಮೊದಲ ವಾರದಲ್ಲಿಯೇ ಕಾಣಿಸಿಕೊಳ್ಳಬಹುದು. ಇದನ್ನು ‘ಮಾತ್ರೆ ಉಷ್ಣ ಆತು’ ಎಂದು ಅರ್ಥಮಾಡಿಕೊಂಡ ಹೆಣ್ಣು ಎಂಟು ದಿನಕ್ಕೇ ನಿಲ್ಲಿಸುತ್ತಾಳೆ. ಕೆಟ್ಟದ್ದನ್ನೆಲ್ಲ ಉಂಡು ಒಳ್ಳೆಯದು ಬರುವ ಮೊದಲೇ ಎದ್ದುಹೋದಂತೆ. ಗುಣ ಕಂಡಮೇಲೂ ಕನಿಷ್ಠ ಆರರಿಂದ ಒಂಬತ್ತು ತಿಂಗಳು ಮುಂದುವರಿಸಬೇಕೆಂಬುದು ವೈದ್ಯಕೀಯ ನಿಯಮ. ‘ಉಷ್ಣ ಎಂಬುದು ಮೂಢನಂಬಿಕೆ’ ಎಂದು ಗದರಿಸುವುದಕ್ಕಿಂತ, ‘ಮೊದಲ ವಾರ ಹೀಗಾಗತೈತಿ, ಆಮೇಲೆ ಇಳೀತೈತಿ, ಊಟ ಆದಮೇಲೆ ತಗಾ, ಮಜ್ಜಿಗಿ ಕುಡಿ’ ಎಂದರೆ ಮಾತ್ರೆ ಮುಂದುವರಿಯುತ್ತದೆ. ಬಾಣಂತಿಯ ಪಥ್ಯದ ಕಟ್ಟಳೆಯಲ್ಲಿ ಮಾತ್ರೆಗೆ ಎಡೆಯಿಲ್ಲವೆಂಬ ಭಯವೂ ಇದೆ. ಹಾಲೂಡಿಸುವ ತಾಯಂದಿರಿಗೆ ಸರ್ಟ್ರಲಿನ್‌ನಂಥ ಔಷಧಿಗಳನ್ನು ವೈದ್ಯರ ನಿಗಾದಲ್ಲಿ ನೀಡಬಹುದೆಂಬುದನ್ನು ಬಾಣಂತನ ಮಾಡುವ ಹಿರಿಯಳಿಗೇ ಮೊದಲು ತಿಳಿಸಬೇಕಾಗುತ್ತದೆ.

ಜನಪದ ನುಡಿಯಲ್ಲಿ ‘ಬಾಣಂತಿ ಸನ್ನಿ’ ಎಂಬ ಪದವಿದೆ. ಹೆರಿಗೆಯಾದ ಕೆಲವೇ ದಿನಗಳಲ್ಲಿ ನಿದ್ದೆಗೆಟ್ಟು, ಗುರುತು ತಪ್ಪಿ, ಅರಚಾಡುವ ಸ್ಥಿತಿಗೆ ಅದು ಸಲ್ಲುತ್ತದೆ. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಕಾಣುವ ಈ ಗದ್ದಲದ ಬೇನೆಗೆ ಹೆಸರಿದೆ. 2017ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನಗಳ ಒಟ್ಟು ವಿಶ್ಲೇಷಣೆಯ ಪ್ರಕಾರ ನೂರಕ್ಕೆ 22 ತಾಯಂದಿರಲ್ಲಿ ಕಾಣುವ ಸದ್ದಿಲ್ಲದ ಖಿನ್ನತೆಗೆ ಅಂಥ ಖಚಿತವಾದ ಹೆಸರಿಲ್ಲ. ಅದನ್ನು ‘ಸೋಮಾರಿತನ’, ‘ಸೊಕ್ಕು’, ‘ತವರಿನ ಗೀಳು’ ಎಂದು ಕರೆಯುವುದುಂಟು.

ಇಲ್ಲಿ ಜಾನಪದ ಅಧ್ಯಯನವು ತನ್ನನ್ನೂ ಪರೀಕ್ಷಿಸಿಕೊಳ್ಳಬೇಕು. 1931ರ ‘ಗರತಿಯ ಹಾಡು’ ಸಂಕಲನದಿಂದ ಮೊದಲ್ಗೊಂಡು ಬೀಸುವ, ಕುಟ್ಟುವ ಪದಗಳನ್ನು ಹೆಣ್ಣಿನ ದುಃಖದ ಬಿಡುಗಡೆಯೆಂದು ಕೊಂಡಾಡುವ ಪರಿಪಾಠ ಬೆಳೆದುಬಂದಿದೆ. ಹಿಟ್ಟಿನ ಗಿರಣಿ ಬಂದು ಹಾಡು ನಿಂತಿತು, ಹಾಡು ನಿಂತು ಖಿನ್ನತೆ ಬಂತು ಎಂಬ ಸುಲಭದ ತರ್ಕವೂ ಅಲ್ಲಲ್ಲಿ ಕೇಳಿಬರುತ್ತದೆ. ಅದಕ್ಕೆ ಆಧಾರವಿಲ್ಲ. ಬೆಳಗಿನ ಜಾವ ಎದ್ದು ಬೀಸುತ್ತಿದ್ದ ಹೆಣ್ಣು ಸುಖಿಯಾಗಿದ್ದಳೆಂದು ಆ ಪದಗಳೇ ಹೇಳುವುದಿಲ್ಲ. ಹಾಡಿಗೆ ಚಿಕಿತ್ಸೆಯ ಪಟ್ಟ ಕಟ್ಟುವುದಕ್ಕಿಂತ, ನೋವಿಗೆ ಆ ಹಾಡುಗಳು ಬಳಸಿದ ಪದಗಳನ್ನು ಚಿಕಿತ್ಸೆಯ ಕೈಗೆ ಕೊಡುವುದು ಹೆಚ್ಚು ಉಪಯುಕ್ತ. ಹರಕೆ, ಕಣಿ, ನೀವಾಳಿಸುವುದರ ಬಗೆಗೂ ಇದೇ ಮಾತು. ಅವು ಮನೆಯವರ ಗಮನವನ್ನು ಆಕೆಯ ಕಡೆಗೆ ತಿರುಗಿಸುತ್ತವೆ. ಆದರೆ ತಿಂಗಳುಗಟ್ಟಲೆ ಅಲ್ಲಿಯೇ ನಿಂತರೆ ಚಿಕಿತ್ಸೆಯ ಕಾಲ ಮೀರುತ್ತದೆ.

ಚಿಕಿತ್ಸೆಯನ್ನು ಊರಿಗೆ ಒಯ್ಯುವ ಕೆಲಸ ಕರ್ನಾಟಕಕ್ಕೆ ಹೊಸದಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಜಗಳೂರು ತಾಲ್ಲೂಕಿನಲ್ಲಿ ನಿಮ್ಹಾನ್ಸ್ ತಜ್ಞರು ತೀವ್ರ ಮಾನಸಿಕ ಕಾಯಿಲೆಗಳಿಗಾಗಿ ಸಮುದಾಯ ಪುನರ್ವಸತಿ ಕಾರ್ಯ ಕೈಗೊಂಡು, ಕುಟುಂಬಗಳು ಕೈಯಿಂದ ಮಾಡುವ ಖರ್ಚಿನ ಮೇಲೆ ಅದರ ಪರಿಣಾಮವನ್ನು 2019ರಲ್ಲಿ ದಾಖಲಿಸಿದ್ದಾರೆ. ನಟಿ ದೀಪಿಕಾ ಪಡುಕೋಣೆಯವರು ತಮ್ಮ ಖಿನ್ನತೆಯನ್ನು ಬಹಿರಂಗವಾಗಿ ಹೇಳಿಕೊಂಡ ಬಳಿಕ 2015ರಲ್ಲಿ ಸ್ಥಾಪಿಸಿದ ‘ಲಿವ್ ಲವ್ ಲಾಫ್’ ಪ್ರತಿಷ್ಠಾನವು ಬೆಂಗಳೂರಿನ ಅಂಗವಿಕಲರ ಸಂಸ್ಥೆಯಾದ ಎಪಿಡಿಯ ಜೊತೆಗೂಡಿ 2016ರಿಂದ ದಾವಣಗೆರೆ ಜಿಲ್ಲೆಯ ಹಳ್ಳಿಗಳಲ್ಲಿ ಕೆಲಸ ಮಾಡಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯನ್ನು 14416 ಸಂಖ್ಯೆಯಲ್ಲಿ ಕನ್ನಡದಲ್ಲಿಯೇ ಸಂಪರ್ಕಿಸಬಹುದು. ಆದರೆ ಮನೆಯಲ್ಲಿ ಫೋನು ಗಂಡನ ಕಿಸೆಯಲ್ಲಿರುವವರೆಗೆ ಆ ಸಂಖ್ಯೆಯೂ ಅರ್ಧ ದಾರಿಯಲ್ಲಿಯೇ ನಿಲ್ಲುತ್ತದೆ.

ಇವೆಲ್ಲವೂ ಕನ್ನಡ ಬಲ್ಲವರ ಮಾತಾಯಿತು. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಲಂಬಾಣಿಗರ ಆರಾಧ್ಯರಾದ ಸೇವಾಲಾಲರ ಜನ್ಮಸ್ಥಳ. ಸುತ್ತಣ ತಾಂಡಾಗಳ ಅಜ್ಜಿಯರು ನೋವನ್ನು ಹೇಳುವುದು ತಮ್ಮ ಮನೆಮಾತಿನಲ್ಲಿ. ಆ ಸಮುದಾಯದಲ್ಲಿ ಮದುವಣಗಿತ್ತಿ ತವರು ಬಿಡುವಾಗ ಹೆಂಗಸರ ಕೊರಳು ತಬ್ಬಿ ‘ಢಾವಲೋ’ ಹಾಡಿ ಅಳುವ ಸಂಪ್ರದಾಯವಿದೆ. ಅಳುವುದಕ್ಕೂ ರಾಗ, ಕ್ರಮ, ವೇಳೆಗಳಿವೆ. ಆ ವೇಳೆಯ ಅಳು ಬೇನೆಯಲ್ಲ. ವೇಳೆ ಮುಗಿದು ತಿಂಗಳುಗಳಾದ ಮೇಲೂ, ರಾಗವಿಲ್ಲದೆ, ಒಲೆಯ ಮುಂದೆ ಒಬ್ಬಳೇ ಕೂತು ಅಳುವುದು ಬೇರೆ. ಇವೆರಡರ ನಡುವಿನ ಗೆರೆಯನ್ನು ತಾಂಡಾದ ಹಿರಿಯ ಹೆಂಗಸರು ಬಲ್ಲರು. ಆ ಗೆರೆಗೆ ಅವರಿಟ್ಟಿರುವ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದು, ಬಾಯಿಬಿಟ್ಟು ಓದಿಸಿ, ಪ್ರಶ್ನಾವಳಿಗೆ ಸೇರಿಸುವ ಕೆಲಸ ತಾಂಡಾದಿಂದಲೇ ಬಂದ ಆಶಾ ಕಾರ್ಯಕರ್ತೆಯರಿಂದ ಆರಂಭವಾಗಬೇಕು.