ಸೈಲೆನ್ಸರ್ ಕೊಯ್ದರೆ ಶಕ್ತಿ ಬಂದೀತೆ?

ಭಾನುವಾರ ಹೊಸಪೇಟೆಯಿಂದ ಸಂಡೂರಿನ ಗುಡ್ಡಗಳತ್ತ ಹಳೆಯ ಯೆಜ್ಡಿ ಓಡಿಸುವ ಉತ್ಸಾಹಿಗಳಲ್ಲಿ ಒಂದು ನಂಬಿಕೆಯಿದೆ: ಸದ್ದು ಹೆಚ್ಚಿದಷ್ಟೂ ಶಕ್ತಿ ಹೆಚ್ಚು. ಸೈಲೆನ್ಸರ್ ಕೊಯ್ಸಿದವರಿಗೆ ಸಿಗುವುದು ಬಹುತೇಕ ಸದ್ದು ಮಾತ್ರ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೂ ತಯಾರಿಸಿದ ಈ 250 ಸಿಸಿ ಬೈಕಿನದು ಟೂ ಸ್ಟ್ರೋಕ್ ಎಂಜಿನ್. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು! ಹೊಗೆ ಹೊರಹೋಗುವ ಕಿಂಡಿ ತೆರೆದಿರುವಾಗಲೇ ಹೊಸ ಪೆಟ್ರೋಲು-ಗಾಳಿ ಒಳನುಗ್ಗುತ್ತದೆ. ಒಂದಷ್ಟು ಹೊಗೆಯೊಂದಿಗೇ ಸೋರಿಹೋಗುತ್ತದೆ. ಕೊಳವೆಯ ಕಿರಿದಾಗುವ ಭಾಗಕ್ಕೆ ಬಡಿದು ಹಿಂದಿರುಗುವ ಒತ್ತಡದ ಅಲೆ, ಸೋರಿದ್ದನ್ನು ಮತ್ತೆ ಒಳತಳ್ಳಬಲ್ಲದು. 1950ರ ದಶಕದಲ್ಲಿ ಪೂರ್ವ ಜರ್ಮನಿಯ ಎಂಜಿನಿಯರ್ ವಾಲ್ಟರ್ ಕಾಡೆನ್ ರೇಸ್ ಬೈಕುಗಳಲ್ಲಿ ಈ ಅಲೆಯನ್ನೇ ದುಡಿಸಿಕೊಂಡರು. ಆದರೆ ಕೊಳವೆಯ ಉದ್ದ, ಅಗಲ ಎಂಜಿನ್ನಿನ ವೇಗಕ್ಕೆ ಹೊಂದಲೇಬೇಕು. ಅಂದಾಜಿನಲ್ಲಿ ಗರಗಸ ಆಡಿಸಿದರೆ ಆ ಲೆಕ್ಕ ಕೆಡುತ್ತದೆ.

ಪೆಟ್ರೋಲಿನಲ್ಲಿ ಬೆರೆಸಿದ ಆಯಿಲ್ ಉರಿದು ಸೈಲೆನ್ಸರಿನೊಳಗೆ ಕಾರ್ಬನ್ ಕಟ್ಟುತ್ತದೆ. ಮೊದಲು ಅದನ್ನು ತೆಗೆಸಬೇಕು. ನಂತರ ಪಿಸ್ಟನ್ ರಿಂಗು, ಕಾರ್ಬ್ಯುರೇಟರ್ ನೋಡಿಸಬೇಕು. ಕಳೆದುಹೋದ ಎಳೆತ ಅಲ್ಲೇ ಸಿಗುವುದುಂಟು. ವಾಹನದ ಮೂಲ ವಿನ್ಯಾಸ ಬದಲಿಸಿದರೆ, ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ ಮಾಲೀಕರಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು.