ನಿಮಗಿದು ಗೊತ್ತೇ? ಉಟ್ಟ ಬಟ್ಟೆಗೇ ತೇಪೆ

ಕಂಪ್ಯೂಟರ್ ಓಡುತ್ತಿರುವಾಗಲೇ ಅದರ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ಗೆ ತೇಪೆ ಹಾಕಬಹುದು, ರೀಬೂಟ್ ಬೇಕಿಲ್ಲ. ಇದೇ ಲೈವ್ ಪ್ಯಾಚಿಂಗ್.

ಇದರ ಹಿಂದೊಂದು ಕನ್ನದ ಕತೆಯಿದೆ. ಅಮೆರಿಕದ ಎಂಐಟಿಯಲ್ಲಿ ಜೆಫ್ ಅರ್ನಾಲ್ಡ್ ಎಂಬ ವಿದ್ಯಾರ್ಥಿ ನೋಡಿಕೊಳ್ಳುತ್ತಿದ್ದ ಸರ್ವರ್‌ಗೆ ಭದ್ರತಾ ಪ್ಯಾಚ್ ಬಂದಿತ್ತು. ಕೆಲಸದ ದಿನ ರೀಬೂಟ್ ಮಾಡಿ ಎಲ್ಲರಿಗೂ ತೊಂದರೆ ಕೊಡುವುದೇಕೆಂದು ವಾರಾಂತ್ಯಕ್ಕೆ ಮುಂದೂಡಿದರು. ಅಷ್ಟರಲ್ಲಿ ಹ್ಯಾಕರ್ ಒಳಹೊಕ್ಕಾಗಿತ್ತು. ಸರ್ವರ್ ಕಾಯುವ ಯಾರಾದರೂ ಹಾಗೇ ಮಾಡುತ್ತಿದ್ದರು. ಅರ್ನಾಲ್ಡ್ ಮಾತ್ರ ಆ ಪೆಟ್ಟು ಮರೆಯದೆ ಕೆಸ್ಪ್ಲೈಸ್ ಎಂಬ ಲೈವ್ ಪ್ಯಾಚಿಂಗ್ ತಂತ್ರಾಂಶ ಕಟ್ಟಿದರು.

2005ರ ಮೇಯಿಂದ 2008ರ ಮೇವರೆಗಿನ 64 ಲಿನಕ್ಸ್ ಭದ್ರತಾ ಪ್ಯಾಚ್‌ಗಳ ಮೇಲೆ ಅದನ್ನು ಪರೀಕ್ಷಿಸಿದಾಗ, 56 ಪ್ಯಾಚ್‌ಗಳು ಒಂದು ಸಾಲನ್ನೂ ಹೊಸದಾಗಿ ಬರೆಯದೆ ಕೂತವು. ಯಂತ್ರ ತಡೆದು ನಿಂತದ್ದು ಸುಮಾರು 0.7 ಮಿಲಿಸೆಕೆಂಡ್! 2011ರಲ್ಲಿ ಒರಾಕಲ್ ಕೆಸ್ಪ್ಲೈಸನ್ನು ಕೊಂಡುಕೊಂಡಿತು.

ಲೈವ್ ಪ್ಯಾಚಿಂಗ್ ಹಳೆಯ ಕೋಡನ್ನು ಕಿತ್ತೆಸೆಯುವುದಿಲ್ಲ. ದೋಷವಿರುವ ಫಂಕ್ಷನ್ನಿನ ಬಾಗಿಲಲ್ಲೇ 'ಅತ್ತ ಹೋಗು' ಎಂಬ ಆದೇಶ ಬರೆದರೆ ಕೆಲಸವೆಲ್ಲ ಹೊಸ ಫಂಕ್ಷನ್ನಿಗೆ ತಿರುಗುತ್ತದೆ. ತೇಪೆಯಡಿ ಹರಿದ ಬಟ್ಟೆ ಉಳಿಯುವಂತೆ ಹಳೆಯದು ಮೆಮೊರಿಯಲ್ಲೇ ಉಳಿಯುತ್ತದೆ. ಆದರೆ ಆ ಗಳಿಗೆಯಲ್ಲೇ ಯಾವುದೋ ಕೆಲಸ ಹಳೆಯ ಫಂಕ್ಷನ್ನಿನ ನಟ್ಟನಡುವೆ ಇದ್ದರೆ? ಕಷ್ಟವಿರುವುದು ಇಲ್ಲೇ. 2014ರಲ್ಲಿ ಇದಕ್ಕೆ ಎರಡು ಉತ್ತರ ಬಂದವು. ರೆಡ್ ಹ್ಯಾಟ್‌ನ ಕೆಪ್ಯಾಚ್ ಎಲ್ಲವನ್ನೂ ಕ್ಷಣಕಾಲ ನಿಲ್ಲಿಸಿ, ಯಾರೂ ಹಳೆಯದರೊಳಗಿಲ್ಲವೆಂದು ಖಚಿತಪಡಿಸಿಕೊಂಡು ಬದಲಿಸುತ್ತಿತ್ತು. ಸೂಸೆಯ ಕೆಗ್ರಾಫ್ಟ್ ಏನನ್ನೂ ನಿಲ್ಲಿಸದೆ ಒಂದೊಂದೇ ಕೆಲಸವನ್ನು ಹೊಸದಕ್ಕೆ ದಾಟಿಸುತ್ತಿತ್ತು. ಪೈಪೋಟಿಗಿಳಿಯದೆ ಎರಡೂ ಕಡೆಯವರು ಕೂಡಿ ಹಾಕಿದ ಅಡಿಪಾಯ 2015ರ ಲಿನಕ್ಸ್ 4.0ರಲ್ಲಿ ಸೇರಿತು, ಎರಡೂ ಉಪಾಯಗಳ ಬೆರಕೆ 2017ರ 4.12ರಲ್ಲಿ ಬಂತು. ಮುಕ್ತ ತಂತ್ರಾಂಶದ ಇಂಥ ಗಳಿಗೆಗಳು ನನಗೆ ಬಲು ಇಷ್ಟ.

ಇಡೀ ಕರ್ನಲ್ಲೇ ಬದಲಾಗಬೇಕೆ? ಅದಕ್ಕೆ 2005ರಿಂದಲೂ ಕೆಎಕ್ಸೆಕ್ ಇದೆ. ಹಳೆಯ ಕರ್ನಲ್ ಹೊಸದನ್ನು ತಾನೇ ಮೆಮೊರಿಗೆ ತಂದು ನೇರವಾಗಿ ಅದಕ್ಕೆ ಹಾರುತ್ತದೆ. ದೊಡ್ಡ ಸರ್ವರ್‌ಗಳಲ್ಲಿ ಬಯಾಸ್ ತಪಾಸಣೆ ನುಂಗುವ ನಿಮಿಷಗಳು ಉಳಿಯುತ್ತವೆ. ಓಡುತ್ತಿದ್ದ ಪ್ರೋಗ್ರಾಂಗಳು ಮಾತ್ರ ಉಳಿಯುವುದಿಲ್ಲ.

ಲೈವ್ ಪ್ಯಾಚ್ ಆದಮೇಲೂ ಕರ್ನಲ್ ತೋರಿಸುವುದು ಹಳೆಯ ಆವೃತ್ತಿ ಸಂಖ್ಯೆಯನ್ನೇ. ತೇಪೆ ಇರುವುದು ಮೆಮೊರಿಯಲ್ಲಿ. ಡಿಸ್ಕಿನಲ್ಲಿರುವ ಕರ್ನಲ್ ಬದಲಿಸದೆ, ಪ್ಯಾಚನ್ನು ಮತ್ತೆ ಹಾಕದೆ ರೀಬೂಟ್ ಮಾಡಿದರೆ ಹಳೆಯ ತೂತು ಅಲ್ಲೇ ಇರುತ್ತದೆ.